ಪುರಸಭೆಯ ಕಂಪ್ಯೂಟರಿನ ಮೊದಲ ಕೈ

ನನಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಿಕೊಳ್ಳಲಿ. ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವಳು ನಾನು. ಆ ಸದ್ದಿನ ನಡುವೆ ಮಾತಾಡಿ ಮಾತಾಡಿ ನನ್ನ ದನಿಯೇ ದೊಡ್ಡದಾಗಿಬಿಟ್ಟಿದೆ, ಊಟ ಆಯ್ತಾ ಎಂದು ಕೇಳಿದರೂ ಜಗಳ ತೆಗೆದ ಹಾಗೆ ಕೇಳಿಸುತ್ತದೆ. ಆದರೆ ಆ ವಾರ ಮಾತ್ರ ನಾನು ನಿಜವಾಗಿಯೂ ಜಗಳ ತೆಗೆದೆ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ಒಂದು ಮಾತನ್ನೂ ನುಂಗಿಕೊಳ್ಳದೆ ಜಗಳವಾಡಿದೆ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಹೊರಗಿನವರಿಗೆ ಮೊದಲು ನಮ್ಮ ಊರಿನ ರೀತಿ ಹೇಳಬೇಕು. ನಮ್ಮಲ್ಲಿ ಹಳೆಯದು ಇರುವಾಗ ಅದೇ ಕೆಲಸದ ಹೊಸದು ನಡೆಯುವುದಿಲ್ಲ. ಪಡಸಾಲೆಯಲ್ಲಿ ಹಳೆಯ ಫ್ಯಾನು ಇದ್ದರೆ, ಅದರ ಬದಲಿಗೆಂದು ತಂದ ಹೊಸ ಫ್ಯಾನು ಎಷ್ಟು ಸಲ ಗುಂಡಿ ಒತ್ತಿದರೂ ರೆಕ್ಕೆ ಆಡಿಸುವುದಿಲ್ಲ. ಹಳೆಯದನ್ನು ಬಿಚ್ಚಿ ಹೊಳೆಗೆ ಹಾಕಿದರೂ ಅಷ್ಟೆ, ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರೂ ಅಷ್ಟೆ. ಅದನ್ನು ಮೊಟ್ಟಮೊದಲು ಬಳಸಿದವರು ಯಾರೋ ಅವರೇ ಬಂದು, ಅದರ ಮೇಲೆ ಅಂಗೈ ಇಟ್ಟು, ಅದರ ಹೆಸರು ಹೇಳಿ, ಮೂರು ಸಲ ಬಿಟ್ಟೆ ಅನ್ನಬೇಕು. ಅಂದ ಕೂಡಲೇ ಹಳೆಯದು ತಣ್ಣಗಾಗುತ್ತದೆ, ಹೊಸದು ಓಡುತ್ತದೆ. ಹಾಗೆ ಮೊದಲು ಬಳಸಿದವರನ್ನು ನಾವು ಮೊದಲ ಕೈ ಎನ್ನುತ್ತೇವೆ. ಮೊದಲ ಕೈಯವರು ತೀರಿಕೊಂಡರೆ ವಸ್ತು ತಾನಾಗಿಯೇ ಬಿಡುಗಡೆಯಾಗುತ್ತದೆ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ತರಹದ ಬೇಗ ಹಳತಾಗುವ ಸಾಮಾನು ತಂದರೆ ಮನೆಯ ಹಣ್ಣು ಮುದುಕರ ಕೈಯಲ್ಲಿ ಮೊದಲು ಒತ್ತಿಸುತ್ತೇವೆ, ಅವರೂ ನಗುತ್ತಲೇ ಒತ್ತುತ್ತಾರೆ. ಬಾಳಿಕೆ ಬರಬೇಕಾದ ಸಾಮಾನಿಗೆ ತೊಟ್ಟಿಲ ಕೂಸಿನ ಬೆರಳು. ಹೆಣ್ಣು ಕೊಡುವವರು ಗಂಡಿನ ಕೆಲಸ ವಿಚಾರಿಸುವ ಮೊದಲು ಆ ಮನೆಯ ಗ್ಯಾಸ್ ಒಲೆಗೆ ಮೊದಲ ಕೈ ಯಾರದು ಎಂದು ವಿಚಾರಿಸುತ್ತಾರೆ, ಅತ್ತೆಯದಾದರೆ ಎರಡು ಸಲ ಯೋಚಿಸುತ್ತಾರೆ. ಬಿಟ್ಟುಹೋದ ಗಂಡನನ್ನು ಬಸ್ಸಿನಲ್ಲಿ ಕರೆಸಿ, ಗ್ರೈಂಡರ್ ಬಿಡಿಸಿಕೊಂಡು, ಕಾಫಿಯನ್ನೂ ಕೊಡದೆ ಅದೇ ಬಸ್ಸಿಗೆ ಹತ್ತಿಸಿದವಳು ನಮ್ಮ ಬೀದಿಯಲ್ಲೇ ಇದ್ದಾಳೆ. ಇನ್ನೊಬ್ಬರ ಮೊದಲ ಕೈಯನ್ನು ತನ್ನದು ಎಂದು ಹೇಳಿಕೊಳ್ಳುವುದನ್ನು ಮಾತ್ರ ನಾವು ಕ್ಷಮಿಸುವುದಿಲ್ಲ. ಕಳ್ಳನಿಗಾದರೂ ಊರಿನಲ್ಲಿ ಹೆಣ್ಣು ಸಿಗುತ್ತದೆ, ಅಂಥವನಿಗೆ ಸಿಗುವುದಿಲ್ಲ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ನನ್ನ ಮಗಳು ಮಧುಮತಿಗೆ ಒಂದೇ ಕೂಸು, ಇಂಚರ. ಹುಟ್ಟಿನಿಂದ ಅದಕ್ಕೆ ಕಿವಿ ಕೇಳುವುದಿಲ್ಲ. ಗಿರಣಿ ಓಡುವಾಗ ಊರಿನ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಓಡಿದರೆ ಇದೊಂದು ಹೋಗಿ ಯಂತ್ರಕ್ಕೆ ಕೆನ್ನೆ ಆನಿಸಿ ನಿಲ್ಲುತ್ತದೆ, ಆ ನಡುಕ ಅದಕ್ಕೆ ಬಹಳ ಇಷ್ಟ. ಕಿವಿಯ ಒಳಗೆ ಯಂತ್ರ ಕೂರಿಸುವ ಆಪರೇಷನ್ ಮಾಡಿದರೆ ಕೇಳುತ್ತದೆ, ಮಾತೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಆರು ವರ್ಷ ತುಂಬುವುದರೊಳಗೆ ಅರ್ಜಿ ಸೇರಿದರೆ ಸರ್ಕಾರವೇ ಮಾಡಿಸುತ್ತದೆ. ತುಂಬಿದ ದಿನದಿಂದ ಬ್ರಹ್ಮನೇ ಬಂದು ಶಿಫಾರಸು ಮಾಡಿದರೂ ಇಲ್ಲ. ಆಸ್ಪತ್ರೆಯವರು ಇವತ್ತು ಬಾ, ನಾಳೆ ಬಾ ಎಂದು ನಾಲ್ಕು ತಿಂಗಳು ಅಲೆಸಿ, ಸರ್ಟಿಫಿಕೇಟು ಕೈಗೆ ಕೊಟ್ಟಾಗ ಕೂಸಿಗೆ ಆರು ತುಂಬಲು ಒಂದೇ ವಾರ ಉಳಿದಿತ್ತು. ಶನಿವಾರ ಹುಟ್ಟುಹಬ್ಬ. ಶುಕ್ರವಾರ ಸಂಜೆ ಐದಕ್ಕೆ ಅರ್ಜಿಯ ಬಾಗಿಲು ಬಂದ್. ಮಧುಮತಿ ಗಾರ್ಮೆಂಟ್ಸ್ ಕೆಲಸದವಳು, ಇದ್ದಬದ್ದ ರಜೆಯೆಲ್ಲ ಆಸ್ಪತ್ರೆಗೇ ಸುರಿದಿದ್ದಳು. ಹಾಗಾಗಿ ಸೋಮವಾರ ಗಿರಣಿಗೆ ಬೀಗ ಹಾಕಿ, ಕೂಸಿನ ಕೈ ಹಿಡಿದುಕೊಂಡು ನಾನೇ ಪುರಸಭೆಯ ಸೇವಾ ಕೇಂದ್ರಕ್ಕೆ ಹೋದೆ.

ಕೇಂದ್ರವನ್ನು ನೋಡಿಕೊಳ್ಳುವವಳು ಜಬೀನ. ನಲವತ್ತರ ಹೆಂಗಸು, ಚುರುಕು, ಒಂದು ಕೆಲಸ ಹಿಡಿದರೆ ಬಿಡುವವಳಲ್ಲ. ಅವಳ ಮೇಜಿನ ಮೇಲೆ ಇಪ್ಪತ್ತೆರಡು ವರ್ಷದ ಹಿಂದಿನ ಕಂಪ್ಯೂಟರು, ಹಿಂಬದಿ ಅಕ್ಕಿಮೂಟೆಯಷ್ಟು ಉಬ್ಬಿದ ಪರದೆ, ಪರದೆಯಲ್ಲಿ ಒಂದು ಹಸಿರು ಗುಡ್ಡ, ನೀಲಿ ಆಕಾಶ. ಅವಳು ಕಾಗದಗಳನ್ನೆಲ್ಲ ನೋಡಿ, ಸರಿಯಾಗಿದೆ ಎಂದು, ಅರ್ಜಿಯ ಪುಟ ತೆರೆಯಲು ಹೊರಟಳು. ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಆಮೇಲೆ ಕುರ್ಚಿಗೆ ಒರಗಿ ಉಸಿರುಬಿಟ್ಟಳು.

“ಮಂಗಳಕ್ಕ, ಇದು ಒಳಗೇ ಬಿಡ್ತಿಲ್ಲ. ನಿಮ್ಮ ಬ್ರೌಸರ್ ತೀರಾ ಹಳೇದು, ಹೊಸದು ಹಾಕ್ಕೊಂಡು ಬನ್ನಿ ಅಂತ ಬರೆದೈತೆ.”

“ಬ್ರೌಸರ್ ಅಂದ್ರೆ ಏನವ್ವ?”

“ಬಾಗ್ಲು ಇದ್ದಂಗೆ ಅಕ್ಕ. ಅದರಲ್ಲಿ ಹಾದೇ ಇಂಟರ್ನೆಟ್ಟಿಗೆ ಹೋಗೋದು.”

“ಬಾಗ್ಲು ಹಳೇದಾದ್ರೆ ಮನುಷ್ಯರನ್ನ ಒಳಗೆ ಬಿಡಲ್ವಾ? ನಮ್ಮನೆ ಬಾಗ್ಲು ನಮ್ಮ ಮಾವನವರ ಕಾಲದ್ದು. ಬಂದೋರನ್ನ ಯಾವತ್ತಾದ್ರೂ ವಾಪಸ್ ಕಳ್ಸಿದೀವಾ? ಇದ್ಯಾವ ಸೀಮೆ ನ್ಯಾಯನೇ!”

ಜಬೀನಳ ಮೇಲೆ ಕೂಗಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದರೂ ಕೂಗಿದೆ. ಫೋನಿನಲ್ಲಿ ಆಗುವುದಿಲ್ಲವೇ ಎಂದೆ. ಫೋನಿನಲ್ಲಿ ಆ ಪುಟ ತೆರೆಯುವುದೇ ಇಲ್ಲವಂತೆ. ಪಕ್ಕದ ಊರಿನ ಕೇಂದ್ರಕ್ಕೆ ಹೋಗಿ ಹಾಕುತ್ತೇನೆ ಎಂದೆ. ಮಗು ಯಾವ ಊರಿನದೋ ಆ ಊರಿನ ಕೇಂದ್ರದಿಂದಲೇ ಬರಬೇಕಂತೆ. ಹೊಸ ಕಂಪ್ಯೂಟರು ತರಿಸಬಾರದೇ ಎಂದೆ. ಮೂರು ವರ್ಷದ ಹಿಂದೆ ಜಿಲ್ಲೆಯಿಂದ ಒಂದು ಬಂದಿತ್ತಂತೆ, ಹಳೆಯದನ್ನು ಯಾರೂ ಬಿಡದ ಕಾರಣ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು, ಆಮೇಲೆ ಜಿಲ್ಲೆಯವರೇ ಬಂದು, ನೀವು ಉಪಯೋಗಿಸುತ್ತಿಲ್ಲ ಎಂದು ಬರೆದುಕೊಂಡು ವಾಪಸ್ ಹೊತ್ತೊಯ್ದರಂತೆ. ಕೇಳಿದಿರಾ! ನನಗೆ ಮೈಯೆಲ್ಲ ಉರಿದುಹೋಯಿತು.

ಮಂಗಳವಾರ ಜಬೀನ ಬೆಳಗಿನ ಬಸ್ಸಿಗೆ ಜಿಲ್ಲಾಕೇಂದ್ರಕ್ಕೆ ಹೋಗಿ ಮಧ್ಯಾಹ್ನ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದಳು. ಕಂಪ್ಯೂಟರಿನ ಸಿಸ್ಟಮ್ಮೇ ಹಳೆಯದಾದ್ದರಿಂದ ಈಗಿನ ಯಾವ ಬ್ರೌಸರೂ ಅದಕ್ಕೆ ಒಗ್ಗುವುದಿಲ್ಲವಂತೆ. ಇಂಥ ಮುದಿ ಸಿಸ್ಟಮ್ಮುಗಳಿಗೆಂದೇ ಯಾರೋ ಪುಣ್ಯಾತ್ಮರು ಒಂದನ್ನು ಮಾಡಿಟ್ಟಿದ್ದಾರಂತೆ, ನಾಲ್ಕು ಅಂಗಡಿ ಹುಡುಕಿ ಅದನ್ನು ತುಂಬಿಸಿಕೊಂಡು ಬಂದಿದ್ದಳು. ಹಾಕಿದಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ತೆವಳಲು ಶುರುವಾಯಿತು. ನಾವಿಬ್ಬರೂ ಒಂದು ಗಂಟೆ ಅದನ್ನೇ ನೋಡುತ್ತ ಕೂತೆವು. ಪಟ್ಟಿ ತುಂಬಿತು. ಗುಡ್ಡದ ಮೇಲೆ ಕಿತ್ತಳೆ ಬಣ್ಣದ ಒಂದು ಪುಟ್ಟ ಚಿತ್ರ ಬಂದು ಕೂತಿತು. ಜಬೀನ ನನ್ನ ಮುಖ ನೋಡಿ ನಕ್ಕು, ಅದರ ಮೇಲೆ ಎರಡು ಸಲ ಒತ್ತಿದಳು.

ಏನೂ ಆಗಲಿಲ್ಲ. ಹತ್ತು ಸಲ ಒತ್ತಿದರೂ ಆಗಲಿಲ್ಲ. ಪಕ್ಕದಲ್ಲಿ ಹಳೆಯ ನೀಲಿ ಚಿತ್ರ ತನ್ನ ಪಾಡಿಗೆ ತಾನು ಇತ್ತು.

“ಥೂ, ನನ್ನ ಬುದ್ಧಿಗಿಷ್ಟು,” ಎಂದು ಜಬೀನ ಹಣೆ ಚಚ್ಚಿಕೊಂಡಳು. “ಹಳೇ ಬ್ರೌಸರ್ ಇನ್ನೂ ಬಿಟ್ಟಿಲ್ಲ ಅಕ್ಕ. ಅದನ್ನ ಯಾರಾದ್ರೂ ಬಿಡಬೇಕಲ್ಲ.”

ಯಾರು ಬಿಡಬೇಕು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಮೇಜಿಗೆ ಹೊಡೆದ ಹಿತ್ತಾಳೆಯ ತಗಡಿನಲ್ಲಿ ಹೆಸರು ಕೆತ್ತಿತ್ತು. ಈ ಗಣಕಯಂತ್ರ ಮತ್ತು ಇಂಟರ್ನೆಟ್ಟಿನ ಮೊದಲ ಕೈ, ಶ್ರೀ ಪಂಚಾಕ್ಷರಯ್ಯ, ಹೆಡ್ ಗುಮಾಸ್ತರು. ನನ್ನ ಸ್ವಂತ ಅಣ್ಣ.

ನನಗೆ ಎಷ್ಟು ನಿರಾಳವಾಯಿತು ಎಂದರೆ ಕೇಂದ್ರದಲ್ಲೇ ನಕ್ಕುಬಿಟ್ಟೆ. ಅಣ್ಣನ ಸ್ವಭಾವ ನನಗೆ ಗೊತ್ತಿಲ್ಲದ್ದಲ್ಲ. ಅವನು ಕೆಲಸದಲ್ಲಿದ್ದ ಕಾಲದಲ್ಲಿ ಪುರಸಭೆಗೆ ಏನೇ ಹೊಸದು ಬಂದರೂ ಅಂಗಿಯ ತೋಳು ಮಡಚಿ ಮುಂದೆ ನಿಂತವನು ಅವನೇ. ನೀರಿನ ಟ್ಯಾಂಕಿನ ಮೋಟಾರು, ಬೀದಿದೀಪದ ದೊಡ್ಡ ಸ್ವಿಚ್ಚು, ಸಭಾಂಗಣದ ಮೈಕು, ಎಲ್ಲದರ ಕೆಳಗೂ ಅವನ ಹೆಸರಿನ ತಗಡಿದೆ. ನಿವೃತ್ತನಾಗಿ ಎಂಟು ವರ್ಷವಾದರೂ ಒಂದನ್ನೂ ಬಿಟ್ಟಿಲ್ಲ. ಬಿಡಿಸಿಕೊಳ್ಳಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ತಾನು ಒಳಗೆ ಕೂತು ಪೇಪರು ಓದುತ್ತಾನೆ. ಆದರೂ ತಂಗಿಯ ಮೊಮ್ಮಗಳ ಕಿವಿಯ ವಿಷಯ. ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿ ಬರುತ್ತಾನೆ ಎಂದುಕೊಂಡು, ಕೂಸನ್ನೂ ಕರೆದುಕೊಂಡು ಆಗಲೇ ಅವನ ಮನೆಗೆ ಹೋದೆ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಇಂಚರಳನ್ನು ಹತ್ತಿರ ಕರೆದು ತಲೆ ಸವರಿದ. ಕಲ್ಲುಸಕ್ಕರೆ ಕೊಟ್ಟ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ಮಂಗಳಾ, ಚೆನ್ನಾಗಿ ನಡೀತಿರೋ ವಸ್ತುನ ಸುಮ್ಮಸುಮ್ಮನೆ ಬಿಡಬಾರದಮ್ಮ,” ಎಂದ.

“ಸುಮ್ಮಸುಮ್ಮನೇನಾ? ಕೂಸಿನ ಕಿವಿ ಕಣೋ ಅಣ್ಣ!”

“ಅಲ್ಲ, ನಾಳೆ ಆ ಹೊಸದು ಕೈಕೊಟ್ರೆ? ಊರಿಗೆ ಊರೇ ನನ್ನನ್ನ ಬಯ್ಯುತ್ತೆ. ಪಹಣಿ, ಜನನ ಮರಣ, ಎಲ್ಲಾ ಅದರಲ್ಲೇ ಇರೋದು.”

“ಎಲ್ಲಾ ಅದರಲ್ಲೇ ಇರುತ್ತಂತೆ, ಬಾಗ್ಲು ಮಾತ್ರ ಬೇರೆ ಆಗೋದಂತೆ, ಜಬೀನ ಹೇಳಿದಾಳೆ.”

“ಜಬೀನಂಗೆ ಏನು ಗೊತ್ತು? ಅದಕ್ಕೆಲ್ಲ ಒಂದು ಕ್ರಮ ಇದೆ. ಆಡಳಿತದಿಂದ ಕಾಗದ ಬರ್ಲಿ, ನೋಡೋಣ.”

ಬುಧವಾರ ನಾನು ಪುರಸಭೆಯ ಮುಖ್ಯಾಧಿಕಾರಿಯ ಕೋಣೆಗೆ ನುಗ್ಗಿ ಕಾಗದ ಬರೆಸಿದೆ. ಆ ಮನುಷ್ಯ ಒಳ್ಳೆಯವನು, ಬಿಟ್ಟುಕೊಡುವ ದಿನ ಶಾಲು ಹೊದಿಸುತ್ತೇವೆ ಎಂದೂ ಸೇರಿಸಿದ. ಅಣ್ಣ ಕಾಗದವನ್ನು ಎರಡು ಸಲ ಓದಿ, ಇದರಲ್ಲಿ ಬ್ರೌಸರಿನ ವಿವರ ಸ್ಪಷ್ಟವಿಲ್ಲ ಎಂದು ಹಿಂದಿರುಗಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತನ್ನು ನಾನು ಅಲ್ಲಿಯವರೆಗೆ ಸುಮ್ಮನೆ ಬಾಯಿಮಾತಿಗೆ ಆಡುತ್ತಿದ್ದೆ. ಗಿರಣಿಗೆ ಹೋಗಿ, ಬಂದ ಗಿರಾಕಿಗಳ ಮುಂದೆಲ್ಲ ಅಣ್ಣನ ಜನ್ಮ ಜಾಲಾಡಿದೆ. ಗುರುವಾರ ವಿವರ ತಿದ್ದಿಸಿ ತೆಗೆದುಕೊಂಡು ಹೋದರೆ ಅತ್ತಿಗೆ ಬಾಗಿಲಲ್ಲೇ ನಿಂತು, “ನಿಮ್ಮಣ್ಣಂಗೆ ಜ್ವರ ಕಣೇ, ಮಲಗಿದಾರೆ,” ಎಂದರು. ಹೇಳುವಾಗ ನನ್ನ ಕಣ್ಣು ನೋಡಲಿಲ್ಲ. ಒಳಗಿನಿಂದ ರೇಡಿಯೋದ ವಾರ್ತೆ ಕೇಳಿಸುತ್ತಿತ್ತು.

ಆ ರಾತ್ರಿ ಮಧುಮತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. “ಬಿಡಮ್ಮ, ಕೈಸನ್ನೇಲೇ ಎಲ್ಲಾ ಹೇಳ್ಕೊಳ್ತಾಳೆ ನನ್ನ ಮಗಳು, ಹಂಗೇ ಬೆಳೀತಾಳೆ,” ಎಂದು ಕೂಸಿಗೆ ಊಟ ಕಲಸಿದಳು. ಆಯ್ಕೆ ಮಾಡಿಕೊಂಡು ಹಾಗೆ ಬೆಳೆಸಿದರೆ ಅದು ಬೇರೆ ಮಾತು. ಒಬ್ಬ ಮುದುಕನ ಹಮ್ಮಿಗಾಗಿ ಯಾಕೆ ಬೆಳೆಸಬೇಕು?

ಶುಕ್ರವಾರ ಮಧ್ಯಾಹ್ನ ಊಟವಾದ ಹೊತ್ತಿಗೆ ನಾನು ಇಂಚರಳನ್ನು ಕರೆದುಕೊಂಡು ಹೋಗಿ ಅಣ್ಣನ ಮನೆಯ ಮೆಟ್ಟಿಲ ಮೇಲೆ ಕೂತೆ. ಒಳಗೆ ಬಾ ಎಂದು ಅತ್ತಿಗೆ ಕರೆದರು. ಹೋಗಲಿಲ್ಲ. ಬೀದಿಯಲ್ಲಿ ಹಾದುಹೋಗುವ ಒಬ್ಬೊಬ್ಬರಿಗೂ, ನನ್ನ ಗಿರಣಿಯ ದನಿಯಲ್ಲಿ, ಕೂಸಿಗೆ ನಾಳೆ ಆರು ತುಂಬುತ್ತದೆ, ಅಜ್ಜ ಒಳಗೆ ಮಲಗಿದ್ದಾನೆ ಎಂದು ಹೇಳಿದೆ. ಮೂರು ಗಂಟೆಯ ಹೊತ್ತಿಗೆ ಎದುರು ಸಾಲಿನ ಎಲ್ಲ ಬಾಗಿಲಲ್ಲೂ ಜನ ನಿಂತಿದ್ದರು. ನಾಲ್ಕಕ್ಕೆ ಅಣ್ಣ ಹೊರಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ವಿಭೂತಿ ಇಟ್ಟಿದ್ದ. ಮುಖ ಮಾತ್ರ ಬಿಳಿಚಿಕೊಂಡಿತ್ತು. ನಿಜವಾಗಿಯೂ ಜ್ವರವಿತ್ತೇನೋ ಎಂದು ಒಂದು ಗಳಿಗೆ ನನಗೆ ಅಳುಕಾಯಿತು. ಅವನು ಚಪ್ಪಲಿ ಮೆಟ್ಟಿ ಕೇಂದ್ರದ ಕಡೆ ಹೊರಟ.

ಕೇಂದ್ರದ ಗೋಡೆ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಹಿಂದೆ ಬಂದ ಜನ ಬಾಗಿಲಲ್ಲಿ ತುಂಬಿಕೊಂಡರು. ಮುಖ್ಯಾಧಿಕಾರಿ ಶಾಲು ಹಿಡಿದು ಬಂದ. “ಸರ್, ಪರದೆ ಮೇಲೆ ಆ ನೀಲಿ ಚಿತ್ರದ ಮೇಲೇ ಕೈ ಇಡಿ,” ಎಂದಳು ಜಬೀನ. “ಬ್ರೌಸರ್ ಬಿಟ್ಟೆ ಅಂತ್ಲೇ ಅನ್ನಿ. ಬಾಯಿ ತಪ್ಪಿ ಕಂಪ್ಯೂಟರ್ ಅಂದ್ಬಿಟ್ರೆ ಪೂರ್ತಿ ಹೋಗ್ಬಿಡ್ತದೆ.” ಅಣ್ಣ ಅಂಗೈ ಇಟ್ಟ. ಬ್ರೌಸರ್ ಬಿಟ್ಟೆ, ಬಿಟ್ಟೆ, ಬಿಟ್ಟೆ ಎಂದ. ಜನ ಚಪ್ಪಾಳೆ ತಟ್ಟಿದರು. ಶಾಲು ಅವನ ಹೆಗಲೇರಿತು.

ಜಬೀನ ಕಿತ್ತಳೆ ಚಿತ್ರದ ಮೇಲೆ ಒತ್ತಲು ಹೋಗಿ ನಿಂತಳು. ನೀಲಿ ಚಿತ್ರ ತಣ್ಣಗಾಗಿರಲಿಲ್ಲ. ಅದನ್ನು ಒತ್ತಿ ನೋಡಿದಳು. ಎಂದಿನಂತೆ ತೆರೆದುಕೊಂಡಿತು, ನಿಮ್ಮ ಬ್ರೌಸರ್ ತೀರಾ ಹಳೆಯದು ಎಂದು ಮತ್ತೆ ಹೇಳಿತು.

“ಇನ್ನೊಂದ್ಸಲ ಅನ್ನಿ ಸರ್. ಜೋರಾಗಿ.”

ಅಣ್ಣ ಇನ್ನೊಂದು ಸಲ ಅಂದ. ಮೂರನೆಯ ಸಲವೂ ಅಂದ. ಚಪ್ಪಾಳೆ ನಿಂತುಹೋಗಿತ್ತು. ಗಂಟೆ ನಾಲ್ಕೂವರೆ.

“ಅವ್ರು ಬಿಟ್ರೆ ಅದು ಬಿಡಲ್ಲ,” ಎಂದು ಬಾಗಿಲಿನಿಂದ ಒಂದು ದನಿ ಬಂತು.

ಹಾಲಮ್ಮ. ಪುರಸಭೆಯ ಕಸ ಗುಡಿಸುವವಳು. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ, ಇನ್ನೂ ಗುತ್ತಿಗೆಯಲ್ಲೇ. ಜನ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಅವಳು ಒಳಗೆ ಬಂದು ಅಣ್ಣನ ಎದುರು ನಿಂತಳು. ಬಂದವಳು ಅವನನ್ನು ನೋಡುತ್ತಿದ್ದಳು, ಅವನು ನೆಲ ನೋಡುತ್ತಿದ್ದ.

“ನೀವು ಹೇಳ್ತೀರೋ, ನಾನು ಹೇಳ್ಲೋ, ಅಯ್ನೋರೇ?” ಎಂದಳು. ಅವಳೇ ಹೇಳಿದಳು. “ಇದು ಬಂದ ದಿನ ಸಂಜೆ ಎಲ್ರೂ ಮನೆಗೋಗಿದ್ರು. ಪರಊರಿನ ಎಂಜಿನಿಯರು ಒಬ್ನೇ ವಯರು ಸಿಗಿಸ್ತಿದ್ದ. ನಾನು ನೆಲ ಒರೆಸ್ತಿದ್ದೆ. ನಾನು ಹಿಂದ್ಗಡೆ ಹಿಡ್ಕೊಂಡಿರ್ತೀನಿ, ಅದೊಂದು ಗುಂಡಿ ಒತ್ತಮ್ಮ ಅಂದ. ಒತ್ತಿದೆ. ಆಮೇಲೆ ಈ ನೀಲಿದನ್ನ ಒತ್ತು ಅಂದ. ಅದನ್ನೂ ಒತ್ತಿದೆ. ಅವ್ನಿಗೇನು ಗೊತ್ತು ನಮ್ಮೂರ ಪದ್ಧತಿ? ಬೆಳಿಗ್ಗೆ ಹೂವು ತಂದು ಪೂಜೆ ಶುರು ಮಾಡೋಕೆ ಮುಂಚೆನೇ ಬಂದು ಅಯ್ನೋರಿಗೆ ಹೇಳ್ದೆ, ಹಿಂಗಿಂಗಾಯ್ತು ಅಂತ. ಬಾಯಿ ಮುಚ್ಕೊಂಡಿರು, ಇಲ್ದಿದ್ರೆ ನಾಳೆಯಿಂದ ಬರ್ಬ್ಯಾಡ ಅಂದ್ರು. ಮುಚ್ಕೊಂಡಿದೀನಿ. ಇಪ್ಪತ್ತೆರಡು ವರ್ಷ.”

ಮುಖ್ಯಾಧಿಕಾರಿ ಅಣ್ಣನ ಹೆಗಲಿನ ಶಾಲನ್ನು ನೋಡಿದ, ತೆಗೆಯುವುದೋ ಬಿಡುವುದೋ ತಿಳಿಯದೆ ಕೈ ಹಿಂದಕ್ಕೆ ಕಟ್ಟಿಕೊಂಡ. ನನಗೆ ನಾಲಿಗೆಗೆ ಬಂದ ಬೈಗುಳ ಒಂದೆರಡಲ್ಲ. ನಾಲ್ಕು ದಿನ! ಮಂಗಳವಾರವೇ ಪಡಸಾಲೆಯಲ್ಲಿ ನನ್ನೊಬ್ಬಳ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು, ನಾನು ಸದ್ದಿಲ್ಲದೆ ಹಾಲಮ್ಮನನ್ನು ಕರೆತಂದು ಕೆಲಸ ಮುಗಿಸುತ್ತಿದ್ದೆ. ಊರಿನ ಮುಂದೆ ಮುಖ ಉಳಿಸಿಕೊಳ್ಳಲು ಕೂಸಿನ ಕಿವಿಯನ್ನೇ ಪಣಕ್ಕಿಟ್ಟನಲ್ಲ ಈ ಮನುಷ್ಯ!

ಆದರೆ ಬೈಗುಳ ಬಾಯಿಂದ ಹೊರಡುವ ಮೊದಲೇ ನನಗೆ ಬುಧವಾರ ನೆನಪಾಯಿತು. ಗಿರಣಿಯಲ್ಲಿ ನಾನು ಅಣ್ಣನನ್ನು ಜಾಲಾಡುತ್ತಿದ್ದಾಗ ಹಾಲಮ್ಮ ಜೋಳದ ಡಬ್ಬಿ ಹಿಡಿದು ಸಾಲಿನಲ್ಲೇ ನಿಂತಿದ್ದಳು. ಯಾವ ಕಂಪ್ಯೂಟರಮ್ಮ, ನಮ್ಮ ಆಫೀಸಿಂದಾ ಎಂದು ಕೇಳಿದ್ದಳು. ನಾನು, ನಿನಗ್ಯಾಕವ್ವ ಅದೆಲ್ಲ, ಡಬ್ಬಿ ಇಟ್ಟು ಹೋಗು ಎಂದಿದ್ದೆ. ಅವಳು ಡಬ್ಬಿ ಇಟ್ಟು ಹೋಗಿದ್ದಳು. ಅಣ್ಣನನ್ನು ಬೈಯಲು ನನಗೆ ಇದ್ದ ಹಕ್ಕಿನಲ್ಲಿ ಅರ್ಧ ಅಲ್ಲೇ ಕರಗಿಹೋಯಿತು.

“ಹಾಲಮ್ಮ,” ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. “ಬಿಟ್ಟುಬಿಡವ್ವ. ನಿನ್ನ ಕಾಲು ಹಿಡೀತೀನಿ. ಇನ್ನು ಅರ್ಧ ಗಂಟೆನೂ ಇಲ್ಲ.”

“ಕಾಲು ಯಾಕೆ ಹಿಡೀತೀರ ಅಮ್ಮ. ಬಿಡ್ತೀನಿ,” ಎಂದಳು. “ಒಂದು ಮಾತು ಬರ್ಲಿ ಅಷ್ಟೇ. ಅವ್ರ ಬಾಯಲ್ಲಿ. ಇದು ಹಾಲಮ್ಮನ ಕೈ ಅಂತ ಒಂದ್ಸಲ ಅನ್ಲಿ. ದುಡ್ಡು ಬ್ಯಾಡ, ಶಾಲು ಬ್ಯಾಡ.”

“ಅನ್ನಣ್ಣ,” ಎಂದೆ. ಅಣ್ಣನ ತುಟಿ ಅಲ್ಲಾಡಿತು, ಅಷ್ಟೆ. “ಅನ್ನೋ! ನಾಲಿಗೆ ಬಿದ್ದುಹೋಗಿದೆಯಾ ನಿನಗೆ?” ಅವನು ಗಡಿಯಾರ ನೋಡಿದ, ಬಾಗಿಲ ಜನರನ್ನು ನೋಡಿದ, ಮೇಜನ್ನು ನೋಡಿದ. ನಾಲ್ಕು ಮೂವತ್ತಾರು. ನಾಲ್ಕು ಮೂವತ್ತೇಳು. ಅರವತ್ತೆಂಟು ವರ್ಷದ ಗಂಡಸು ಎರಡು ಶಬ್ದ ಹೇಳಲಾರದೆ ಕಂಬದ ಹಾಗೆ ನಿಂತಿದ್ದ.

ಇಂಚರಳಿಗೆ ಇದೊಂದೂ ತಿಳಿಯುತ್ತಿರಲಿಲ್ಲ. ಅದು ಎಲ್ಲರ ಬಾಯನ್ನೂ ಒಂದೊಂದಾಗಿ ನೋಡುತ್ತಿತ್ತು, ಯಾರದು ಅಲ್ಲಾಡುತ್ತದೆ ಎಂದು. ಯಾರದೂ ಅಲ್ಲಾಡದಿದ್ದಾಗ ಹಾಲಮ್ಮನ ಹತ್ತಿರ ಹೋಗಿ ಅವಳ ಸೀರೆ ಜಗ್ಗಿ, ಏನಾಯಿತು ಎಂದು ಕೈ ತಿರುಗಿಸಿ ಕೇಳಿತು.

ಹಾಲಮ್ಮ ಕೂಸನ್ನು ನೋಡಿದಳು. “ಹೋಗ್ಲಿ ಬಿಡ್ರಿ,” ಎಂದಳು. “ಅವ್ರು ಅನ್ನೋದು ಬ್ಯಾಡ. ಮಗೀನ ಹೊತ್ತು ಹೋಗ್ತೈತೆ.” ಸೆರಗಿನಲ್ಲಿ ಕೈ ಒರೆಸಿಕೊಂಡು, ಅಣ್ಣನನ್ನು ದಾಟಿಕೊಂಡು ಹೋಗಿ ಪರದೆಯ ಮೇಲೆ ಅಂಗೈ ಇಟ್ಟಳು. ಜಬೀನ ಹೇಳಿಕೊಟ್ಟ ಹೆಸರನ್ನು ನಿಧಾನವಾಗಿ ಹೇಳಿ, ಮೂರು ಸಲ ಬಿಟ್ಟೆ ಅಂದಳು. ಎರಡನೆಯದಕ್ಕೇ ನೀಲಿ ಚಿತ್ರ ಮಂಕಾಯಿತು. ಮೂರನೆಯದಕ್ಕೆ ಬೂದಿಯ ಬಣ್ಣಕ್ಕೆ ತಿರುಗಿತು.

“ಆಯ್ತು! ಈಗ ಹೊಸದನ್ನ ಒತ್ತಬೇಕು,” ಎಂದಳು ಜಬೀನ.

ಆಗ ಅಣ್ಣನ ಬಲಗೈ ಮುಂದೆ ಬಂತು. ಬೇಕೆಂದು ಮಾಡಿದ್ದಲ್ಲ ಎಂದು ನಾನು ಈಗ ಒಪ್ಪುತ್ತೇನೆ. ಹೊಸದು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಆ ಕೈ ಎಷ್ಟೋ ವರ್ಷದ ಅಭ್ಯಾಸದ ಮೇಲೆ ತಾನಾಗಿಯೇ ಮೌಸಿನ ಕಡೆ ಹೊರಟಿತ್ತು. 



ನಾನು ಫಟೀರೆಂದು ಹೊಡೆದೆ. ಹತ್ತು ವರ್ಷ ದೊಡ್ಡವನು, ಅಪ್ಪ ಹೋದ ಮೇಲೆ ನನಗೆ ಮದುವೆ ಮಾಡಿದವನು, ಅವನ ಕೈಗೆ, ಊರಿನ ಎದುರು.

“ತೆಗಿ ಕೈ!” ಎಂದೆ. ಈ ಸಲ ದನಿ ಸಣ್ಣದಾಗಿರಲಿಲ್ಲ. “ಹಾಲಮ್ಮ, ನೀನು ಒತ್ತು.”

“ಎಲ್ಲಿ ಒತ್ಲವ್ವ?” ಎಂದಳು ಅವಳು. ಜಬೀನ ಅವಳ ಬೆರಳು ಹಿಡಿದು ತೋರಿಸಿದಳು. ಹಾಲಮ್ಮ ಒತ್ತಿದಳು. ಕಿತ್ತಳೆ ಚಿತ್ರ ಒಂದು ಸಲ ನಡುಗಿ, ಅಗಲವಾಗಿ ತೆರೆದುಕೊಂಡಿತು.

ಆಮೇಲೆ ನಡೆದದ್ದು ಬರೀ ಜಬೀನಳ ಬೆರಳುಗಳ ಓಟ. ಮಗುವಿನ ಹೆಸರು, ತಾಯಿಯ ಹೆಸರು, ಸರ್ಟಿಫಿಕೇಟಿನ ನಂಬರು. ಫೋಟೋ ಒಂದು ಸಲ ಹತ್ತಲಿಲ್ಲ, ಎರಡನೆಯ ಸಲ ಹತ್ತಿತು. ವಯಸ್ಸು ಎಂದು ಇದ್ದ ಕಡೆ ಐದು ವರ್ಷ ಹನ್ನೊಂದು ತಿಂಗಳು ಎಂದು ತಾನೇ ಲೆಕ್ಕ ಹಾಕಿಕೊಂಡಿತು. ಕೊನೆಯ ಗುಂಡಿ ಒತ್ತಿದ ಮೇಲೆ ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು. ನಾನು ನೆನೆಯದ ದೇವರಿಲ್ಲ. ನಾಲ್ಕು ಐವತ್ತನಾಲ್ಕಕ್ಕೆ, ಅರ್ಜಿ ಸ್ವೀಕರಿಸಲಾಗಿದೆ ಎಂದು ಬಂತು. ಜಬೀನ ಅದನ್ನು ಗಟ್ಟಿಯಾಗಿ ಓದಿದಳು. ನಾನು ಸಾಮಾನ್ಯಕ್ಕೆ ಅಳುವವಳಲ್ಲ. ಅಲ್ಲೇ ಕುರ್ಚಿಯ ಮೇಲೆ ಕೂತು, ಕೂಸನ್ನು ತಬ್ಬಿಕೊಂಡು, ಮೂಗು ಸುರಿಸಿಕೊಂಡು ಅತ್ತೆ.

ತಲೆ ಎತ್ತುವ ಹೊತ್ತಿಗೆ ಜನ ಚದುರಿದ್ದರು. ಮುಖ್ಯಾಧಿಕಾರಿ ಮೆಲ್ಲಗೆ ಜಾರಿಕೊಂಡಿದ್ದ. ಜಬೀನ ಕಾಗದಗಳನ್ನು ಜೋಡಿಸುತ್ತಿದ್ದಳು. ಹಾಲಮ್ಮ ಇರಲಿಲ್ಲ. ಐದಕ್ಕೆ ಆಫೀಸು ಮುಚ್ಚುವುದರೊಳಗೆ ಹಿಂದಿನ ಸಭಾಂಗಣ ಗುಡಿಸಬೇಕೆಂದು ಆಗಲೇ ಹೋಗಿದ್ದಳು. ಅವಳಿಗೆ ಧನ್ಯವಾದ ಹೇಳಲೂ ನನಗೆ ನೆನಪಾಗಿರಲಿಲ್ಲ. ಅಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಶಾಲನ್ನು ತೆಗೆದು ಮಡಚಿ ಮೇಜಿನ ಮೇಲೆ ಇಟ್ಟಿದ್ದ.

“ಅದು ಹಾಲಮ್ಮನ ಕೈ,” ಎಂದ.

ಖಾಲಿ ಕೋಣೆಯಲ್ಲಿ ಹೇಳಿದ. ಸಣ್ಣ ದನಿಯಲ್ಲಿ ಹೇಳಿದ. ಹೇಳಿ ನನ್ನ ಮುಖ ನೋಡಿದ, ನಾನು ಏನೋ ಸಮಾಧಾನ ಹೇಳುತ್ತೇನೆ ಎಂಬಂತೆ. ನನಗೆ ಕನಿಕರವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟೂ ಬಂತು.

“ನನ್ನ ಮುಂದೆ ಯಾಕೆ ಹೇಳ್ತೀಯಣ್ಣ? ಇಪ್ಪತ್ತೆರಡು ವರ್ಷ ಬಾಯಿ ಮುಚ್ಕೊಂಡಿದ್ದು ನಾನಾ? ಅವಳು ಹಿಂದಿನ ಸಭಾಂಗಣದಲ್ಲಿದಾಳೆ. ಅಲ್ಲಿ ಹೋಗಿ ಹೇಳು.”

ನಾನು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಅವನು ತಿರುಗಿ, ಗೋಡೆ ಹಿಡಿದುಕೊಂಡು, ಹಿಂದಿನ ಓಣಿಯಲ್ಲಿ ನಡೆದ. ಸಭಾಂಗಣದ ಬಾಗಿಲ ತನಕ ಅವನ ಚಪ್ಪಲಿಯ ಸಪ್ಪಳ ಕೇಳಿಸಿತು. ಅಲ್ಲಿ ನಿಂತಿತು. ಒಳಗೆ ಪೊರಕೆ ಸರಕ್ ಸರಕ್ ಎಂದು ಗುಡಿಸುತ್ತಲೇ ಇತ್ತು. ಇಂಚರ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಏನು ಕೇಳಿಸಿಕೊಳ್ಳುತ್ತಿದ್ದೀಯ ಎಂದು ಕಿವಿ ಮುಟ್ಟಿ ಸನ್ನೆ ಮಾಡಿತು. ಸ್ವಲ್ಪ ತಾಳು ಎಂದು ಅದರ ಕೈ ಅದುಮಿದೆ. ಸರಕ್, ಸರಕ್. ಇನ್ನೂ ಹೇಳುತ್ತಿಲ್ಲವಲ್ಲ ಈ ಮನುಷ್ಯ ಎಂದು ನಾನು ಎದ್ದು ಅವನನ್ನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪೊರಕೆಯ ಸದ್ದು ನಿಂತಿತು.